ಬ್ರಿಟನ್ನಿನಲ್ಲಿ ಸಂಬಳವಿಲ್ಲದ ಸೇವೆಗೆ ಯಾವ ವೀಸಾ?

ಸಂಬಳವನ್ನೇ ಕೇಳದೆ ದುಡಿಯಲು ಹೋಗುವವರಿಗೂ ಕೆಲಸದ ವೀಸಾ ಬೇಕೆ ಎಂಬ ಪ್ರಶ್ನೆಯನ್ನು ಬ್ರಿಟನ್ನಿನ ದತ್ತಿ ಸಂಸ್ಥೆಗಳಲ್ಲಿ ಸ್ವಯಂಸೇವಕರಾಗಬೇಕೆಂದಿರುವ ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಬೇಕು. ಅಲ್ಲಿನ ವಲಸೆ ನಿಯಮಗಳ ಕಣ್ಣಿಗೆ ಸಂಬಳವಿಲ್ಲದ ಕೆಲಸವೂ ಕೆಲಸವೇ. ಹಾಗಾಗಿ ಪ್ರವಾಸಿ ವೀಸಾದಲ್ಲಿ ಹೋಗಿ, ವೃದ್ಧಾಶ್ರಮವೊಂದರಲ್ಲಿ ನಾಲ್ಕು ತಿಂಗಳು ಪೂರ್ಣಾವಧಿ ಸೇವೆ ಮಾಡಿ ಬಂದರೆ ಅದು ಪುಣ್ಯದ ಕೆಲಸವಾಗಬಹುದು, ಆದರೆ ವೀಸಾದ ಷರತ್ತನ್ನು ಮುರಿದದ್ದೂ ಆಗುತ್ತದೆ. ಆ ಉಲ್ಲಂಘನೆ ಮುಂದೆ ಸಲ್ಲಿಸುವ ಅರ್ಜಿಗಳಿಗೆ ಅಡ್ಡ ಬರುತ್ತದೆ.

ಕೇಳುವವರಲ್ಲಿ ಮೂರು ಬಗೆಯವರು ಹೆಚ್ಚು. ಸಮಾಜಕಾರ್ಯದಲ್ಲಿ ಪದವಿ ಮುಗಿಸಿ ಒಂದು ವರ್ಷ ಅಂಗವಿಕಲರ ವಸತಿ ಸಮುದಾಯವೊಂದರಲ್ಲಿ ಇದ್ದು ಕಲಿಯಬೇಕೆನ್ನುವ ಇಪ್ಪತ್ತನಾಲ್ಕು, ಇಪ್ಪತ್ತೈದರ ತರುಣ ತರುಣಿಯರು ಒಂದು ಬಗೆ. ಮಗಳ ಮನೆಗೋ ಮಗನ ಮನೆಗೋ ಕೆಲವು ತಿಂಗಳ ಮಟ್ಟಿಗೆ ಹೋಗುವ, ಸುಮ್ಮನೆ ಕೂರಲಾರದ ನಿವೃತ್ತರು ಇನ್ನೊಂದು ಬಗೆ. ಮೂವತ್ತೈದು ದಾಟಿ, ಇರುವ ಉದ್ಯೋಗಕ್ಕೆ ಆರೇಳು ತಿಂಗಳು ಸಂಬಳರಹಿತ ರಜೆ ಹಾಕಿ ಹೋಗಿಬರಲು ಬಯಸುವವರು ಮೂರನೆಯವರು. ಈ ಮೂವರೂ ಕೇಳುವ ಪ್ರಶ್ನೆ ಒಂದೇ ಆದರೂ ಮೂವರಿಗೂ ಹೊಂದುವ ಉತ್ತರ ಬೇರೆ ಬೇರೆ.

ಮೊದಲು ಅಳತೆಗೋಲುಗಳು

ವೀಸಾಗಳ ಹೆಸರಿನಿಂದ ಆರಂಭಿಸಿದವರು ಸಾಮಾನ್ಯವಾಗಿ ಶುಲ್ಕದ ಅಂಕಿಗಳ ನಡುವೆ ಕಳೆದುಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಕೆಲಸದ ಸ್ವರೂಪ: ದಿನವಿಡೀ ಏನು ಮಾಡುತ್ತೀರಿ, ವಾರಕ್ಕೆ ಎಷ್ಟು ಗಂಟೆ, ಬರದಿದ್ದರೆ ಯಾರಾದರೂ ಕೇಳುತ್ತಾರೆಯೇ. ವಲಸೆಯನ್ನು ನೋಡಿಕೊಳ್ಳುವ ಬ್ರಿಟನ್ನಿನ ಗೃಹ ಇಲಾಖೆ, ಅಂದರೆ ಹೋಮ್ ಆಫೀಸ್, ಇಲ್ಲಿ ಎರಡನ್ನು ಬೇರ್ಪಡಿಸುತ್ತದೆ. ಯಾವ ಕರಾರೂ ಇಲ್ಲದೆ, ಬಿಡುವಾದಾಗ ಬಂದು ಕೈಜೋಡಿಸಿ ಹೋಗುವುದು ಒಂದು. ನಿಗದಿತ ಪಾತ್ರ, ನಿಗದಿತ ಗಂಟೆ, ಒಪ್ಪಂದದ ಬಾಧ್ಯತೆ ಇರುವ ಸಂಬಳರಹಿತ ಕೆಲಸ ಇನ್ನೊಂದು. ನಮ್ಮ ಮಾತಿನಲ್ಲಿ ಎರಡಕ್ಕೂ ‘ಸೇವೆ’ ಎಂಬ ಒಂದೇ ಪದ ಸಲ್ಲುವುದರಿಂದ ಈ ಗೆರೆ ಸುಲಭವಾಗಿ ಕಣ್ತಪ್ಪುತ್ತದೆ.

ಎರಡನೆಯ ಅಳತೆಗೋಲು ಅವಧಿ. ಮೂವತ್ತು ದಿನ, ಆರು ತಿಂಗಳು, ಒಂದು ವರ್ಷ ಎಂಬ ಮೂರು ಗಡಿಗಳಲ್ಲಿ ನಿಯಮವೂ ಬದಲಾಗುತ್ತದೆ, ಖರ್ಚೂ ಬದಲಾಗುತ್ತದೆ. ಮೂರನೆಯದು ಹಣ, ಇದರಲ್ಲಿ ಕೈಬಿಟ್ಟು ಹೋಗುವ ಹಣ, ಖಾತೆಯಲ್ಲಿ ತೋರಿಸಿ ಉಳಿಸಿಕೊಳ್ಳುವ ಹಣ, ಅಲ್ಲಿ ಬದುಕಲು ಬೇಕಾಗುವ ಹಣ ಎಂದು ಮೂರು ಲೆಕ್ಕಗಳಿವೆ. ನಾಲ್ಕನೆಯದು ನಿಮ್ಮ ವಯಸ್ಸು ಮತ್ತು ಓದು. ಐದನೆಯದು ನಿಮ್ಮ ಕೈಯಲ್ಲಿಲ್ಲದ ಸಂಗತಿ: ನೀವು ಹೋಗಬಯಸುವ ಸಂಸ್ಥೆಗೆ ವಿದೇಶಿಯರನ್ನು ಪ್ರಾಯೋಜಿಸುವ ಪರವಾನಗಿ ಇದೆಯೇ ಎಂಬುದು.

ಚಾರಿಟಿ ವರ್ಕರ್ ವೀಸಾ

ಈ ಉದ್ದೇಶಕ್ಕೆಂದೇ ಇರುವ ಮಾರ್ಗ ಇದು. ಹಿಂದೆ ಟಿಯರ್ 5 ಎಂಬ ಗುಂಪಿನಲ್ಲಿದ್ದದ್ದು ಈಗ ತಾತ್ಕಾಲಿಕ ಕೆಲಸದ ವೀಸಾಗಳ ಸಾಲಿನಲ್ಲಿದೆ. ಹದಿನೆಂಟು ತುಂಬಿದ ಯಾರು ಬೇಕಾದರೂ ಅರ್ಜಿ ಹಾಕಬಹುದು. ಪದವಿ ಬೇಕಿಲ್ಲ, ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿ ಬೇಕಿಲ್ಲ, ಗರಿಷ್ಠ ವಯಸ್ಸಿನ ಮಿತಿಯೂ ಇಲ್ಲ. ಹೆಚ್ಚೆಂದರೆ 12 ತಿಂಗಳು, ಅಥವಾ ಕರೆಸಿಕೊಳ್ಳುವ ಸಂಸ್ಥೆ ನಿಮ್ಮ ಹೆಸರಿಗೆ ನೀಡುವ ಪ್ರಾಯೋಜನೆಯ ಪ್ರಮಾಣಪತ್ರದಲ್ಲಿ (ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್) ನಮೂದಿಸಿದ ಅವಧಿಯ ಜೊತೆಗೆ 14 ದಿನ, ಇವೆರಡರಲ್ಲಿ ಕಡಿಮೆಯಾದಷ್ಟು ಕಾಲ ಇರಬಹುದು. ಇಷ್ಟನ್ನು ಓದಿದರೆ ಬಾಗಿಲು ಅಗಲವಾಗಿ ತೆರೆದಿದೆ ಎನ್ನಿಸುತ್ತದೆ. ಆದರೆ ಬಿಗಿ ಇರುವುದು ನಿಮ್ಮ ಅರ್ಹತೆಯಲ್ಲಿ ಅಲ್ಲ, ಕೆಲಸದ ಅರ್ಹತೆಯಲ್ಲಿ.

ಕೆಲಸ ‘ಸ್ವಯಂಸೇವಾ ಕ್ಷೇತ್ರಕಾರ್ಯ’ ಆಗಿರಬೇಕು. ಅಂದರೆ ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವಂಥದ್ದಾಗಿರಬಾರದು ಮತ್ತು ಸಂಸ್ಥೆಯ ದತ್ತಿ ಉದ್ದೇಶಕ್ಕೆ ನೇರವಾಗಿ ನೆರವಾಗುವಂತಿರಬೇಕು. ಕಚೇರಿಯ ದಿನನಿತ್ಯದ ಗುಮಾಸ್ತಿಕೆ, ದತ್ತಿ ಅಂಗಡಿಯಲ್ಲಿ ಮಾರಾಟ, ನಿಧಿ ಸಂಗ್ರಹ, ಕಟ್ಟಡದ ನಿರ್ವಹಣೆ ಇವೆಲ್ಲವನ್ನೂ ನಿಯಮ ಹೆಸರು ಹಿಡಿದೇ ಹೊರಗಿಟ್ಟಿದೆ. ಕಾಯಂ ಹುದ್ದೆಯೊಂದು ಖಾಲಿ ಇದೆಯೆಂದು ಆ ಜಾಗವನ್ನು ತುಂಬಿಸಲು ನಿಮ್ಮನ್ನು ಕರೆಸಿಕೊಳ್ಳುವಂತೆಯೂ ಇಲ್ಲ. ಹೀಗಾಗಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಜಾಲತಾಣ ಕಟ್ಟಿಕೊಡುತ್ತೇನೆ ಎಂದು ಉತ್ಸಾಹ ತೋರುವ ನುರಿತ ವೃತ್ತಿಪರರಿಗಿಂತ, ಬೌದ್ಧಿಕ ಅಂಗವೈಕಲ್ಯವಿರುವ ನಿವಾಸಿಗಳ ಜೊತೆಗಿದ್ದು ಅಡುಗೆ, ತೋಟ, ಕರಕುಶಲ, ಓಡಾಟಗಳಲ್ಲಿ ನೆರವಾಗಲು ಸಿದ್ಧರಿರುವವರಿಗೆ ಈ ವೀಸಾ ಹೆಚ್ಚು ಒಗ್ಗುತ್ತದೆ. 1940ರಲ್ಲಿ ಸ್ಕಾಟ್‌ಲೆಂಡಿನ ಅಬರ್ಡೀನ್ ಬಳಿ ವಿಯೆನ್ನಾದ ವೈದ್ಯ ಕಾರ್ಲ್ ಕ್ಯೋನಿಗ್ ಮತ್ತು ಅವರ ಜೊತೆಗಿದ್ದ ನಿರಾಶ್ರಿತರು ನೆಲೆಗೊಳಿಸಿದ ಕ್ಯಾಂಪ್‌ಹಿಲ್‌ನಂಥ ಸಮುದಾಯಗಳು ಈ ಬಗೆಯ ಸಹಜೀವನದ ಮೇಲೆಯೇ ನಿಂತಿವೆ, ಮತ್ತು ಹೊರದೇಶಗಳ ಸ್ವಯಂಸೇವಕರನ್ನು ಬಹುಕಾಲದಿಂದ ಬರಮಾಡಿಕೊಳ್ಳುತ್ತ ಬಂದಿವೆ.

‘ಸ್ಪಾನ್ಸರ್’ ಎಂಬ ಮಾತನ್ನು ನಾವು ಖರ್ಚು ಭರಿಸುವವರು ಎಂಬ ಅರ್ಥದಲ್ಲಿ ಬಳಸುತ್ತೇವೆ. ಇಲ್ಲಿ ಅದರ ಅರ್ಥ ಜವಾಬ್ದಾರಿ ಹೊರುವವರು ಎಂದು. ಸಂಸ್ಥೆ ಹೋಮ್ ಆಫೀಸಿನಿಂದ ಪರವಾನಗಿ ಪಡೆದಿರಬೇಕು, ನಿಮ್ಮ ಹೆಸರಿಗೆ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ನೀಡಬೇಕು, ನೀವು ಕೆಲಸಕ್ಕೆ ಬರದಿದ್ದರೆ ಅಥವಾ ಅನುಮತಿಯಿಲ್ಲದೆ ಸತತ ಹತ್ತು ಕೆಲಸದ ದಿನಗಳಿಗಿಂತ ಹೆಚ್ಚು ಗೈರಾದರೆ ಸರ್ಕಾರಕ್ಕೆ ವರದಿ ಮಾಡಬೇಕು. ಆ ಸರ್ಟಿಫಿಕೇಟ್ ಚೌಕಟ್ಟು ಹಾಕಿಸುವ ಕಾಗದವೂ ಅಲ್ಲ. ಅದೊಂದು ವಿದ್ಯುನ್ಮಾನ ದಾಖಲೆ, ನಿಮಗೆ ಸಿಗುವುದು ಅದರ ಉಲ್ಲೇಖ ಸಂಖ್ಯೆ ಮಾತ್ರ. ಮೊಹರು ಒತ್ತಿದ ಆಹ್ವಾನ ಪತ್ರವನ್ನೇ ಪ್ರಾಯೋಜನೆ ಎಂದು ತೋರಿಸಿ ಹಣ ಕೇಳುವ ಮಧ್ಯವರ್ತಿಯನ್ನು ಗುರುತಿಸಲು ಇಷ್ಟು ತಿಳಿದಿದ್ದರೆ ಸಾಕು. ಪರವಾನಗಿ ಇರುವ ಸಂಸ್ಥೆಗಳ ಪಟ್ಟಿಯನ್ನು ಬ್ರಿಟಿಷ್ ಸರ್ಕಾರ ತನ್ನ ಜಾಲತಾಣದಲ್ಲಿ ಎಲ್ಲರಿಗೂ ಮುಕ್ತವಾಗಿಟ್ಟಿದೆ. ಸಂಸ್ಥೆಯ ಹೆಸರು ಅಲ್ಲಿದೆಯೇ ಎಂದಷ್ಟೇ ನೋಡಿ ನಿಲ್ಲಬಾರದು; ಆ ಹೆಸರಿನ ಮುಂದೆ ಯಾವ ಮಾರ್ಗಕ್ಕೆ ಪರವಾನಗಿ ಎಂಬುದನ್ನೂ ನೋಡಬೇಕು. ಸಂಬಳದ ನೌಕರರನ್ನು ಕರೆಸಲು ಮಾತ್ರ ಪರವಾನಗಿ ಇರುವ ದತ್ತಿ ಸಂಸ್ಥೆ ಆ ಪರವಾನಗಿಯ ಮೇಲೆ ನಿಮ್ಮನ್ನು ಚಾರಿಟಿ ವರ್ಕರ್ ಆಗಿ ಕರೆಸಲಾಗದು.

ಖರ್ಚಿನ ಲೆಕ್ಕ ಹೀಗಿದೆ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ ಅರ್ಜಿ ಶುಲ್ಕ 319 ಪೌಂಡ್. ಅದರ ಮೇಲೆ ಇಮಿಗ್ರೇಷನ್ ಹೆಲ್ತ್ ಸರ್ಚಾರ್ಜ್ ಎಂಬ ಆರೋಗ್ಯ ಶುಲ್ಕ ವರ್ಷಕ್ಕೆ 1,035 ಪೌಂಡ್. 2024ರ ಫೆಬ್ರವರಿಯ ಏರಿಕೆಯ ನಂತರ ಅದು ವೀಸಾ ಶುಲ್ಕದ ಮೂರು ಪಟ್ಟು ಮೀರಿ ಬೆಳೆದಿದೆ. ಹೀಗೆ ಒಂದು ವರ್ಷಕ್ಕೆ 1,354 ಪೌಂಡ್ ಕೈಬಿಟ್ಟು ಹೋಗುತ್ತದೆ. ಇದಲ್ಲದೆ 1,270 ಪೌಂಡ್ ಸತತ 28 ದಿನ ನಿಮ್ಮ ಖಾತೆಯಲ್ಲಿ ಇದ್ದದ್ದನ್ನು ತೋರಿಸಬೇಕು. ಸಂಸ್ಥೆಯೇ ನಿಮ್ಮ ಮೊದಲ ತಿಂಗಳ ಖರ್ಚಿಗೆ ಹೊಣೆ ಎಂದು ಸರ್ಟಿಫಿಕೇಟಿನಲ್ಲಿ ಒಪ್ಪಿಕೊಂಡರೆ ಅದನ್ನು ತೋರಿಸಬೇಕಿಲ್ಲ. ಶುಲ್ಕಗಳು ಏಪ್ರಿಲ್ ತಿಂಗಳಲ್ಲಿ ಬದಲಾಗುವ ವಾಡಿಕೆ ಇರುವುದರಿಂದ ಅರ್ಜಿಯ ದಿನದ ದರವನ್ನು ಅಧಿಕೃತ ತಾಣದಲ್ಲಿ ನೋಡಿಕೊಳ್ಳಬೇಕು. ಅರ್ಜಿ ತಿರಸ್ಕೃತವಾದರೆ ಆರೋಗ್ಯ ಶುಲ್ಕ ಮರಳಿ ಬರುತ್ತದೆ, ಅರ್ಜಿ ಶುಲ್ಕ ಬರುವುದಿಲ್ಲ.

ಸಂಬಳರಹಿತ ರಜೆಯ ಮೇಲೆ ಹೋಗುವ ಮೂರನೆಯ ಬಗೆಯ ಓದುಗರು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಬ್ರಿಟನ್ನಿನ ಹೊರಗಿನಿಂದ ಅರ್ಜಿ ಹಾಕುವವರ ವಾಸ್ತವ್ಯದ ಅನುಮತಿ ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆರೋಗ್ಯ ಶುಲ್ಕವೇ ಇಲ್ಲ. ಭಾರತದಿಂದ ಹೋಗುವವರು ಆರು ತಿಂಗಳಿಗಿಂತ ಹೆಚ್ಚು ಇರುವುದಾದರೆ ಮಾತ್ರ ಕ್ಷಯ ಪರೀಕ್ಷೆಯ ಪ್ರಮಾಣಪತ್ರ ಕೊಡಬೇಕು. ಕೆಲಸದ ಅವಧಿಯ ಹಿಂದೆ ಮುಂದೆ 14 ದಿನಗಳು ಸೇರಿಕೊಳ್ಳುವುದರಿಂದ ಸರ್ಟಿಫಿಕೇಟಿನಲ್ಲಿ ಸುಮಾರು ಐದು ತಿಂಗಳ ಅವಧಿ ನಮೂದಾದರೆ ಇವೆರಡೂ ತಪ್ಪುತ್ತವೆ. ಏಳು ತಿಂಗಳು ಇರಬೇಕೆಂಬ ಹಂಬಲಕ್ಕೆ ಸಾವಿರ ಪೌಂಡ್ ಬೆಲೆ ತೆರುವುದಕ್ಕಿಂತ ಐದು ತಿಂಗಳಿಗೆ ಒಪ್ಪಿಕೊಳ್ಳುವುದೇ ಲೇಸೆಂದು ನನಗೆ ತೋರುತ್ತದೆ. ಆದರೆ ಆ ಅವಧಿಯಲ್ಲಿ ಆಸ್ಪತ್ರೆಯ ಖರ್ಚು ಬಂದರೆ ನಿಮ್ಮದೇ ಆಗಬಹುದಾದ್ದರಿಂದ ಒಳ್ಳೆಯ ವಿಮೆ ಮಾಡಿಸಿಕೊಂಡೇ ಹೊರಡಬೇಕು.

ಇಷ್ಟಾದ ಮೇಲೂ ದೊಡ್ಡ ಲೆಕ್ಕ ಉಳಿದೇ ಇರುತ್ತದೆ. ಮಾಡಿದ ಕೆಲಸಕ್ಕೆ ಸಂಬಳ ಪಡೆಯುವಂತಿಲ್ಲ. ಪ್ರಯಾಣ, ಊಟ, ವಸತಿಯಂಥ ನ್ಯಾಯವಾದ ವೆಚ್ಚಗಳನ್ನು ಮಾತ್ರ ಸಂಸ್ಥೆ ಭರಿಸಬಹುದು. ‘ಭರಿಸಬಹುದು’ ಎಂದರೆ ಭರಿಸಲೇಬೇಕು ಎಂದಲ್ಲ. ಕೋಣೆ ಮತ್ತು ಊಟ ಕೊಡುವ ವಸತಿ ಸಮುದಾಯಕ್ಕೂ, ‘ಬಸ್ ಖರ್ಚು ಕೊಡುತ್ತೇವೆ, ಮನೆ ನೀವೇ ಹುಡುಕಿಕೊಳ್ಳಿ’ ಎನ್ನುವ ಲಂಡನ್ ನಗರದ ಸಂಸ್ಥೆಗೂ ವೀಸಾ ಒಂದೇ. ಆದರೆ ಒಂದು ವರ್ಷದ ಕೊನೆಗೆ ನಿಮ್ಮ ಉಳಿತಾಯದಲ್ಲಿ ಆಗುವ ವ್ಯತ್ಯಾಸದ ಮುಂದೆ ವೀಸಾ ಶುಲ್ಕ ಸಣ್ಣದಾಗಿ ಕಾಣುತ್ತದೆ. ಮಿತವಾದ ಉಳಿತಾಯವಿರುವವರು ಎರಡನೆಯ ಬಗೆಯ ಸಂಸ್ಥೆಯನ್ನು, ಅದು ಎಷ್ಟೇ ಹೆಸರುವಾಸಿಯಾಗಿದ್ದರೂ, ಬಿಡುವುದು ಒಳ್ಳೆಯದು.

ಈ ವೀಸಾದ ಇನ್ನೆರಡು ಮಿತಿಗಳಿವೆ. ಹಿಂದಿನ 12 ತಿಂಗಳಲ್ಲಿ ಇದೇ ವೀಸಾ ಅಥವಾ ಧಾರ್ಮಿಕ ಕೆಲಸಕ್ಕೆ ಕೊಡುವ ರಿಲಿಜಿಯಸ್ ವರ್ಕರ್ ವೀಸಾದ ಮೇಲೆ ಅಲ್ಲಿದ್ದವರು ತಕ್ಷಣ ಮತ್ತೆ ಹೊಸದಾಗಿ ಹೋಗುವಂತಿಲ್ಲ. ಪ್ರವಾಸಿಯಾಗಿ ಹೋಗಿ, ಅಲ್ಲಿಂದಲೇ ಈ ವೀಸಾಕ್ಕೆ ಬದಲಾಯಿಸಿಕೊಳ್ಳಲೂ ಆಗದು. ಸಂಸ್ಥೆ ತನ್ನ ಪರವಾನಗಿ ಕಳೆದುಕೊಂಡರೆ ನಿಮ್ಮ ಅನುಮತಿಯೂ ಸಾಮಾನ್ಯವಾಗಿ 60 ದಿನಗಳಿಗೆ ಮೊಟಕಾಗುತ್ತದೆ. ಸಂಗಾತಿ ಮತ್ತು ಮಕ್ಕಳನ್ನು ಕರೆದೊಯ್ಯಲು ನಿಯಮದಲ್ಲಿ ಅವಕಾಶವಿದೆ. ಪ್ರತಿಯೊಬ್ಬರಿಗೂ ಬೇರೆ ಶುಲ್ಕ, ಬೇರೆ ಆರೋಗ್ಯ ಶುಲ್ಕ, ತೋರಿಸಬೇಕಾದ ಬೇರೆ ಹಣ ಎಂದಾದಾಗ ಸಂಬಳವಿಲ್ಲದ ವರ್ಷಕ್ಕೆ ಕುಟುಂಬ ಸಮೇತ ಹೊರಡುವವರು ತೀರ ವಿರಳವೇ ಇರಬೇಕು.

ಸ್ಟ್ಯಾಂಡರ್ಡ್ ವಿಸಿಟರ್ ವೀಸಾ

ಮಗಳ ಮನೆಗೆ ಹೋಗುವ ನಿವೃತ್ತರಿಗೆ ಬೇರೆಲ್ಲೂ ಹುಡುಕುವ ಅಗತ್ಯವಿಲ್ಲ. 2025ರ ದರದಂತೆ 127 ಪೌಂಡ್ ಶುಲ್ಕದ, ಆರು ತಿಂಗಳ ಸಾಮಾನ್ಯ ಭೇಟಿಯ ವೀಸಾದಲ್ಲಿ ಒಟ್ಟು 30 ದಿನಗಳವರೆಗೆ ಸ್ವಯಂಸೇವೆ ಮಾಡಲು ಅವಕಾಶವಿದೆ. ಷರತ್ತುಗಳು ಎರಡು. ಪ್ರವಾಸದ ಮುಖ್ಯ ಉದ್ದೇಶ ಸೇವೆಯಾಗಿರಬಾರದು. ಬಂಧುಗಳನ್ನು ನೋಡಲು ಬಂದವರು ಸಮಯ ಸಿಕ್ಕಾಗ ಮಾಡುವ ಕೆಲಸವಾಗಿರಬೇಕು. ಸಂಸ್ಥೆಯೂ ಇಂಗ್ಲೆಂಡ್ ಮತ್ತು ವೇಲ್ಸ್, ಸ್ಕಾಟ್‌ಲೆಂಡ್, ಉತ್ತರ ಐರ್ಲೆಂಡ್‌ಗಳ ದತ್ತಿ ನಿಯಂತ್ರಕರಲ್ಲಿ ಯಾರಾದರೂ ಒಬ್ಬರ ಬಳಿ ನೋಂದಾಯಿತವಾಗಿರಬೇಕು. ಪ್ರಾಯೋಜನೆಯ ಪರವಾನಗಿಯ ಮಾತೇ ಇಲ್ಲಿಲ್ಲ.

ವಿಚಿತ್ರವೆಂದರೆ, ಒಂದು ವರ್ಷದ ಚಾರಿಟಿ ವರ್ಕರ್ ವೀಸಾ ಹೊರಗಿಟ್ಟ ದತ್ತಿ ಅಂಗಡಿಯ ಕೆಲಸಕ್ಕೆ ಈ ಅಗ್ಗದ ವೀಸಾದಲ್ಲಿ ಅಡ್ಡಿಯಿಲ್ಲ. ವಾರಕ್ಕೊಂದು ಮಧ್ಯಾಹ್ನ ಬಟ್ಟೆಗಳನ್ನು ವಿಂಗಡಿಸುವುದು, ಪುಸ್ತಕಗಳನ್ನು ಜೋಡಿಸುವುದು, ಆಹಾರ ವಿತರಣೆಗೆ ಕೈಜೋಡಿಸುವುದು ಎಲ್ಲವೂ ನಡೆಯುತ್ತದೆ. ಆದರೆ ಮೂವತ್ತು ದಿನ ಎಂಬುದು ಇಡೀ ವಾಸ್ತವ್ಯದ ಒಟ್ಟು ಮೊತ್ತ, ತಿಂಗಳಿಗೆ ಮೂವತ್ತಲ್ಲ. ಹೋದ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಜಾಣತನ. ಮೊದಲ ಬಗೆಯ ಓದುಗರು ಈ ದಾರಿಯನ್ನು ಅಡ್ಡದಾರಿಯಾಗಿ ನೋಡಬಾರದು. ನೆಂಟರೂ ಇಲ್ಲದ, ಪ್ರವಾಸದ ಯೋಜನೆಯೂ ಇಲ್ಲದ ವ್ಯಕ್ತಿ ಸೂಟ್‌ಕೇಸಿನಲ್ಲಿ ಸಂಸ್ಥೆಯ ವೇಳಾಪಟ್ಟಿ ಇಟ್ಟುಕೊಂಡು ಬಂದಿಳಿದರೆ ಮುಖ್ಯ ಉದ್ದೇಶ ಏನೆಂದು ವಿಮಾನ ನಿಲ್ದಾಣದ ಅಧಿಕಾರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಾಯೋಜಕರೇ ಬೇಡದ ದಾರಿ

ಭಾರತೀಯರಿಗೆ 2023ರ ಫೆಬ್ರವರಿಯಿಂದ ತೆರೆದಿರುವ ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ವೀಸಾವನ್ನು ಸೇವೆಯ ಜೊತೆ ಯಾರೂ ಸೇರಿಸಿ ಯೋಚಿಸುವುದಿಲ್ಲ. ಯೋಚಿಸಬೇಕು. ಹದಿನೆಂಟರಿಂದ ಮೂವತ್ತು ವರ್ಷದೊಳಗಿನ, ಪದವಿ ಅಥವಾ ಅದಕ್ಕಿಂತ ಹೆಚ್ಚು ಓದಿದ ಭಾರತೀಯರು ಇದರಲ್ಲಿ ಎರಡು ವರ್ಷ ಇರಬಹುದು, ಸಂಬಳದ ಕೆಲಸವನ್ನೂ ಮಾಡಬಹುದು, ಸಂಬಳವಿಲ್ಲದ್ದನ್ನೂ ಮಾಡಬಹುದು. ಸಂಸ್ಥೆಗೆ ಪರವಾನಗಿ ಬೇಕಿಲ್ಲ. ಕ್ಷೇತ್ರಕಾರ್ಯವೋ ಗುಮಾಸ್ತಿಕೆಯೋ ಎಂದು ಯಾರೂ ಕೇಳುವುದಿಲ್ಲ. ಒಂದು ಸಂಸ್ಥೆ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಲು ಹೊಸ ವೀಸಾ ಬೇಡ. ವಾರದಲ್ಲಿ ಮೂರು ದಿನ ಸಂಬಳಕ್ಕೆ ದುಡಿದು ಎರಡು ದಿನ ಸೇವೆಗೆ ಇಡಬಹುದಾದ್ದರಿಂದ ವಸತಿ ಕೊಡದ ಸಂಸ್ಥೆಗಳೂ ಕೈಗೆಟುಕುತ್ತವೆ.

ಬೆಲೆ ಮಾತ್ರ ಮೊದಲೇ ತೆರಬೇಕು. 2025ರ ದರದಂತೆ ಅರ್ಜಿ ಶುಲ್ಕ 319 ಪೌಂಡ್, ವರ್ಷಕ್ಕೆ 776ರಂತೆ ಎರಡು ವರ್ಷದ ಆರೋಗ್ಯ ಶುಲ್ಕ 1,552, ಒಟ್ಟು 1,871 ಪೌಂಡ್. ಖಾತೆಯಲ್ಲಿ ತೋರಿಸಬೇಕಾದ ಉಳಿತಾಯ 2,530 ಪೌಂಡ್, ಅಂದರೆ ಚಾರಿಟಿ ವರ್ಕರ್ ವೀಸಾದ ಸುಮಾರು ಎರಡರಷ್ಟು. ಸಂಗಾತಿಯನ್ನಾಗಲಿ ಮಕ್ಕಳನ್ನಾಗಲಿ ಇದರ ಮೇಲೆ ಕರೆದೊಯ್ಯಲಾಗದು, ಅವಧಿಯನ್ನು ವಿಸ್ತರಿಸಲೂ ಆಗದು. ಎಲ್ಲಕ್ಕಿಂತ ಮಿಗಿಲಾಗಿ, ವರ್ಷಕ್ಕೆ ಇರುವುದು 3,000 ಸ್ಥಾನ, ಅದೂ ಚೀಟಿ ಎತ್ತಿ ಆಯ್ಕೆ. ಹೆಸರು ಕೊಡಲು ಹಣ ತೆರಬೇಕಿಲ್ಲ. ಆದ್ದರಿಂದ ವಯಸ್ಸು ಮತ್ತು ಪದವಿ ಇರುವವರು ಹೆಸರು ಕೊಟ್ಟೇ ಬಿಡಬೇಕೆಂಬುದು ನನ್ನ ಸಲಹೆ; ಬಂದರೆ ಸ್ವಾತಂತ್ರ್ಯ, ಬರದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ. ಅದನ್ನೇ ನಂಬಿಕೊಂಡು ಸಂಸ್ಥೆಯೊಂದಕ್ಕೆ ಬರುವ ದಿನಾಂಕ ತಿಳಿಸುವುದು ಮಾತ್ರ ತಪ್ಪು.

ಉಳಿದ ದಾರಿಗಳನ್ನು ಚುಟುಕಾಗಿ ಹೇಳಬಹುದು. ಧಾರ್ಮಿಕ ಸಂಸ್ಥೆಯಲ್ಲಿ ಪ್ರವಚನ, ಆಧ್ಯಾತ್ಮಿಕ ಮಾರ್ಗದರ್ಶನದಂಥ ಗುರುವಿನ ಹೊಣೆಯಿಲ್ಲದ ಧಾರ್ಮಿಕ ಕೆಲಸಕ್ಕೆ ಹೋಗುವವರಿಗೆ ರಿಲಿಜಿಯಸ್ ವರ್ಕರ್ ವೀಸಾ ಇದೆ. ಅದು 24 ತಿಂಗಳವರೆಗೆ ಸಿಗುತ್ತದೆ, ಪ್ರಾಯೋಜಕರು ಬೇಕೇಬೇಕು. ಅನ್ನದಾಸೋಹಕ್ಕೋ ಸಮಾಜಸೇವೆಗೋ ಹೋಗುವವರು ಹೆಸರು ನೋಡಿ ಅದನ್ನು ಆರಿಸಬಾರದು. ಈಗಾಗಲೇ ಅಲ್ಲಿರುವವರ ಕತೆಯೇ ಬೇರೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರು ತಮ್ಮ ಉದ್ಯೋಗದ ಜೊತೆಗೆ ಸಂಬಳರಹಿತ ಸೇವೆ ಮಾಡಲು ಇನ್ನೊಂದು ವೀಸಾ ಬೇಕಿಲ್ಲ. ಪದವಿ ಓದುತ್ತಿರುವ ವಿದ್ಯಾರ್ಥಿಗಳಿಗೆ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಯ ಮಿತಿಯಿರುವುದರಿಂದ, ನಿಗದಿತ ಬಾಧ್ಯತೆಯ ಸಂಬಳರಹಿತ ಕೆಲಸ ಆ ಇಪ್ಪತ್ತರೊಳಗೇ ಸೇರುತ್ತದೆ; ಕರಾರಿಲ್ಲದ ಕೈಜೋಡಿಸುವಿಕೆ ಸೇರುವುದಿಲ್ಲ. ಮೊದಲೇ ಹೇಳಿದ ಆ ಗೆರೆ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಸಂಸ್ಥೆಗೆ ಪರವಾನಗಿ ಇಲ್ಲದಿದ್ದರೆ

ಮನಸ್ಸಿಗೆ ಹಿಡಿಸಿದ ಪುಟ್ಟ ಸಂಸ್ಥೆ ಬರಲು ಹೇಳುತ್ತದೆ, ಪರವಾನಗಿ ಮಾತ್ರ ಇರುವುದಿಲ್ಲ. ಅವರು ಹೊಸದಾಗಿ ಪಡೆಯಬಹುದು: 2025ರ ದರದಂತೆ ದತ್ತಿ ಸಂಸ್ಥೆಗೆ ಪರವಾನಗಿ ಶುಲ್ಕ 574 ಪೌಂಡ್, ಪ್ರತಿ ಸರ್ಟಿಫಿಕೇಟಿಗೆ 55 ಪೌಂಡ್, ನಿರ್ಧಾರಕ್ಕೆ ಸಾಮಾನ್ಯವಾಗಿ ಎಂಟು ವಾರದೊಳಗಿನ ಕಾಲ. ಹಣಕ್ಕಿಂತ ಹೆಚ್ಚಾಗಿ ಅವರನ್ನು ಹಿಂಜರಿಯುವಂತೆ ಮಾಡುವುದು ದಾಖಲೆ ಇಡುವ, ವರದಿ ಮಾಡುವ, ಅದಕ್ಕೆಂದೇ ಜವಾಬ್ದಾರ ವ್ಯಕ್ತಿಯೊಬ್ಬರನ್ನು ನೇಮಿಸುವ ಕರ್ತವ್ಯಗಳು. ಪ್ರತಿ ವರ್ಷ ನಾಲ್ಕಾರು ಜನರನ್ನು ಕರೆಸಿಕೊಳ್ಳುವ ಉದ್ದೇಶವಿರುವ ಸಂಸ್ಥೆಗೆ ಇದು ಹೊರೆಯಲ್ಲ. ಒಬ್ಬರಿಗಾಗಿ ಇಬ್ಬರು ನೌಕರರ ಸಂಸ್ಥೆಯೊಂದು ಇಷ್ಟೆಲ್ಲ ಮಾಡಲಿ ಎಂದು ಒತ್ತಾಯಿಸುವುದು ನ್ಯಾಯವೂ ಅಲ್ಲ, ಫಲ ಕೊಡುವುದೂ ಅಪರೂಪ. ಅಂಥ ಸಂಸ್ಥೆಯೇ ಬೇಕೆನ್ನುವವರಿಗೆ ಯಂಗ್ ಪ್ರೊಫೆಷನಲ್ಸ್ ಚೀಟಿ, ಇಲ್ಲವೆ ಬಂಧುಗಳ ಭೇಟಿಯ ನಡುವಿನ ಮೂವತ್ತು ದಿನ, ಈ ಎರಡೇ ಉಳಿಯುತ್ತವೆ.

ಪರವಾನಗಿ ಇರುವ ಸಂಸ್ಥೆಗೆ ಬರೆಯುವಾಗ ಮೂರು ವಿಷಯಗಳನ್ನು ಬರಹದಲ್ಲೇ ಕೇಳಿ ಪಡೆಯಿರಿ: ದಿನಚರಿಯ ವಿವರ, ವಸತಿ ಮತ್ತು ಊಟದ ವ್ಯವಸ್ಥೆ, ಹಾಗೂ 1,270 ಪೌಂಡಿನ ಹೊಣೆಯನ್ನು ಅವರು ಸರ್ಟಿಫಿಕೇಟಿನಲ್ಲಿ ಒಪ್ಪುತ್ತಾರೆಯೇ ಎಂಬುದು. ದಿನಚರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಚೇರಿ ಕೆಲಸ ಕಂಡರೆ ಆಗಲೇ ಮಾತನಾಡಿ ಸರಿಪಡಿಸಿಕೊಳ್ಳಬೇಕು. ಮಕ್ಕಳ ಅಥವಾ ದುರ್ಬಲ ವಯಸ್ಕರ ಜೊತೆಗಿನ ಕೆಲಸವಾದರೆ ಅಪರಾಧ ಹಿನ್ನೆಲೆಯ ಪರಿಶೀಲನೆಗೆ ನಿಮ್ಮ ದೇಶದ ಪೊಲೀಸರ ಪ್ರಮಾಣಪತ್ರವನ್ನೂ ಸಂಸ್ಥೆ ಕೇಳಬಹುದು. ಅದಕ್ಕೆ ಹಿಡಿಯುವ ಸಮಯವನ್ನು ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಿ.

ದಿನಾಂಕಗಳನ್ನು ಹಿಂದಿನಿಂದ ಎಣಿಸಿಕೊಂಡು ಬರುವುದು ಸುಲಭ. ಕೆಲಸ ಸೆಪ್ಟೆಂಬರ್ 1ಕ್ಕೆ ಆರಂಭ ಎಂದಿಟ್ಟುಕೊಳ್ಳಿ. ಅರ್ಜಿ ಹಾಕಬಹುದಾದದ್ದು ಮೂರು ತಿಂಗಳು ಮುಂಚೆ, ಅಂದರೆ ಜೂನ್ ಆರಂಭದಿಂದ. ಸರ್ಟಿಫಿಕೇಟಿನ ಆಯುಷ್ಯವೂ ಮೂರೇ ತಿಂಗಳು. ಜೂನ್ ನಡುವಿನಲ್ಲಿ ಅರ್ಜಿ ಹಾಕುವವರ ಖಾತೆಯಲ್ಲಿ 28 ದಿನದ ಲೆಕ್ಕದಂತೆ ಮೇ ಮಧ್ಯದಿಂದಲೇ ಹಣ ಕದಲದೆ ಕೂತಿರಬೇಕು, ಒಂದು ದಿನ ಇಳಿದರೂ ಎಣಿಕೆ ಮೊದಲಿನಿಂದ. ಬೆರಳಚ್ಚು ಕೊಟ್ಟ ನಂತರ ನಿರ್ಧಾರಕ್ಕೆ ಸಾಮಾನ್ಯವಾಗಿ ಮೂರು ವಾರ. ವೀಸಾ ಕೈಸೇರಿದ ಮೇಲೆ ಆಗಸ್ಟ್ 18ಕ್ಕಿಂತ ಮುಂಚೆ ಅಲ್ಲಿ ಇಳಿಯುವಂತಿಲ್ಲ. ವಿಮಾನದ ಟಿಕೆಟ್ಟನ್ನು ಅದಾದ ಮೇಲಿನ ದಿನಕ್ಕೆ, ವೀಸಾ ಬಂದ ನಂತರವೇ ಕಾಯ್ದಿರಿಸಿ.